ಹಿತ್ತಲನ್ನು ಉದ್ಧರಿಸಲು ಬಂದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲ್ಯಾಂಡ್‌ಸ್ಕೇಪ್ ಡಿಸೈನರ್ ಅವರಿಗೆ, ಸೋಲದೇವನಹಳ್ಳಿಯ ಹಿತ್ತಲೊಂದರ ಯಜಮಾನ ಮಾಡುವ ನಮಸ್ಕಾರಗಳು.

ನನ್ನ ಮಗ-ಸೊಸೆಯ ಕೈಗೆ ನೀವು ಕೊಟ್ಟುಹೋದ ಬಣ್ಣದ ಪುಸ್ತಿಕೆಯನ್ನು ಕನ್ನಡಕ ಏರಿಸಿಕೊಂಡು ಓದಿದೆ. ನಮ್ಮ ಹಿತ್ತಲಿಗೆ ಇಷ್ಟೊಂದು ಭವಿಷ್ಯವಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪರ್ಗೋಲ, ಮರದ ಡೆಕ್, ಬೆಂಕಿ ಕಾಯಿಸಿಕೊಳ್ಳಲು ಗುಂಡಿ, ಬಾರ್ಬೆಕ್ಯೂ ಕಟ್ಟೆ, ತೂಗುಕುರ್ಚಿ, ಗೋಡೆಗೆ ನೇತುಹಾಕಿದ ತೋಟ, ಮೂಲೆಯಲ್ಲಿ ನೀರು ಸುರಿಸುತ್ತಾ ಕೂತ ಬುದ್ಧ. ಇಷ್ಟಕ್ಕೆಲ್ಲ ಜಾಗ ಎಲ್ಲಿಂದ ಬಂತು ಅಂತ ಹುಡುಕಿದೆ. ಗಿಡ ಬೆಳೆಯುವ ಜಾಗವನ್ನೆಲ್ಲ ತೆಗೆದು ಹೊಂದಿಸಿದ್ದೀರಿ. ಜಾಣತನ ಅಂದರೆ ಇದು. ಮನೆಮಠ ಬಿಟ್ಟು ಹೊರಟುಹೋದ ಮಹಾನುಭಾವನನ್ನು ಹಿಡಿದು ತಂದು ‘ಔಟ್‌ಡೋರ್ ಲಿವಿಂಗ್’ಗೆ ಕೂರಿಸಿದ ನಿಮ್ಮ ಹಾಸ್ಯಪ್ರಜ್ಞೆಗೂ ಕೈಮುಗಿದೆ.

ನಿಮ್ಮ ಥ್ರೀ-ಡಿ ಚಿತ್ರದಲ್ಲಿ ನಾಲ್ಕು ಜನ ಕೈಯಲ್ಲಿ ಗ್ಲಾಸು ಹಿಡಿದು ನಗುತ್ತಾ ನಿಂತಿದ್ದಾರೆ. ಯಾರಿವರು ಅಂತ ಮನೆಯವರೆಲ್ಲ ಕೂತು ಯೋಚಿಸಿದೆವು. ನಮ್ಮ ಕಡೆಯವರಲ್ಲ, ಬೀಗರ ಕಡೆಯವರೂ ಅಲ್ಲ. ಒಬ್ಬರ ಕೈಯಲ್ಲೂ ಒಂದು ಒದ್ದೆ ಬಟ್ಟೆಯಿಲ್ಲ. ಬಟ್ಟೆ ಒಣಗಿಸುವ ತಂತಿಯನ್ನೇ ನೀವು ಅಳಿಸಿಹಾಕಿದ್ದೀರಿ, ಇನ್ನೆಲ್ಲಿಂದ ಬರಬೇಕು? ಒಗೆಯುವ ಕಲ್ಲನ್ನು ಮಾತ್ರ ದೊಡ್ಡ ಮನಸ್ಸು ಮಾಡಿ ಉಳಿಸಿದ್ದೀರಿ. ‘ರಸ್ಟಿಕ್ ಎಲಿಮೆಂಟ್’ ಅಂತ ಬರೆದು ಅದರ ಮೇಲೆ ಮೂರು ಮೇಣದಬತ್ತಿ ಹಚ್ಚಿಟ್ಟಿದ್ದೀರಿ.

ಆ ಕಲ್ಲಿನ ಬಗ್ಗೆ ಎರಡು ಮಾತು. ಅದು ಸಾದರಹಳ್ಳಿ ಕಲ್ಲು. ಬೇಕೆಂದೇ ಸ್ವಲ್ಪ ವಾಲಿಸಿ ಹಾಕಿರುವುದು, ನಿಮ್ಮ ಹುಡುಗ ಬರೆದುಕೊಂಡು ಹೋದಂತೆ ‘ಲೆವೆಲ್ ತಪ್ಪಿ’ರುವುದಲ್ಲ. ಒಗೆದ ನೀರು ಅದೇ ವಾಟದಲ್ಲಿ ಇಳಿದು ಬಾಳೆ ಬುಡಕ್ಕೆ ಹೋಗುತ್ತದೆ, ಬಾಳೆ ಬಿಟ್ಟದ್ದನ್ನು ಪಕ್ಕದ ಕೆಸು ಕುಡಿಯುತ್ತದೆ. ಹೀಗಾಗಿ ಆ ಬಾಳೆಗೆಂದು ನಾವು ಬೇರೆ ನೀರು ಹಾಕುವುದೇ ಇಲ್ಲ. ನಿಮ್ಮ ಪುಸ್ತಿಕೆಯ ಕೊನೆಯಲ್ಲಿ ‘ಸುಸ್ಥಿರ ವಿನ್ಯಾಸ’ ಅಂತ ಒಂದು ಪುಟವಿದೆ. ಅದರಲ್ಲಿ ಹಸಿರು ಎಲೆಯ ಚಿತ್ರ ಬಹಳ ಚೆನ್ನಾಗಿದೆ.

ನುಗ್ಗೆಮರ ಕಡಿಯಬೇಕು ಎಂದಿದ್ದೀರಿ. ಕಾರಣ ಕಂಬಳಿಹುಳ. ಇದೊಂದನ್ನು ಒಪ್ಪುತ್ತೇನೆ. ಮಳೆಗಾಲದಲ್ಲಿ ಅವು ಕಾಂಡಕ್ಕೆ ಗುಂಪಾಗಿ ಅಂಟಿಕೊಂಡವೆಂದರೆ ಹತ್ತಿರ ಹೋಗುವುದಕ್ಕೇ ಮೈ ತುರಿಸುತ್ತದೆ. ಗಾಳಿಮಳೆಗೆ ಕೊಂಬೆ ಮುರಿಯುವುದೂ ಹೌದು. ಆದರೆ ನೀವು ಕಡಿಯಲು ಹೊರಟಿರುವುದು ಬೀದಿಗೆಲ್ಲ ಸಾರು ಒದಗಿಸುವ ಮರವನ್ನು. ಕಾಯಿ ಬಿಟ್ಟ ಕಾಲದಲ್ಲಿ ಗೇಟು ತಳ್ಳಿಕೊಂಡು ಬರುವ ಅಕ್ಕಂದಿರನ್ನು ಎಣಿಸಿ ನೋಡಿ. ‘ಆಹ್ವಾನಿಸುವ ಅಂಗಳ’ ಅಂತ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದೀರಲ್ಲ, ಯಾರನ್ನು ಆಹ್ವಾನಿಸುವುದು, ಆ ಗ್ಲಾಸು ಹಿಡಿದ ನಾಲ್ವರನ್ನೇ?

ಪರ್ಗೋಲದ ಲೆಕ್ಕ ಓದಿ ತುಸು ನೀರು ಕುಡಿದೆ. ಅಷ್ಟು ದುಡ್ಡು ಸುರಿದರೂ ಮೇಲೆ ಬರೀ ಪಟ್ಟಿಗಳು. ಮಧ್ಯಾಹ್ನದ ಬಿಸಿಲು ಸಲೀಸಾಗಿ ಇಳಿಯುತ್ತದೆ, ಮಳೆಯೂ ಇಳಿಯುತ್ತದೆ. ನಮ್ಮಲ್ಲಿ ಈಗಾಗಲೇ ನಾಲ್ಕು ಗೂಟ, ಒಂದಿಷ್ಟು ಬಿದಿರು ಮತ್ತು ಹುರಿಯಿಂದ ಕಟ್ಟಿದ ಚಪ್ಪರವಿದೆ. ಒಮ್ಮೆ ಪಡವಲ, ಒಮ್ಮೆ ಹೀರೆ, ಚಳಿಗಾಲಕ್ಕೆ ಚಪ್ಪರದವರೆ. ಪಡವಲದ ಎಳೆ ಕಾಯಿ ಸೊಟ್ಟಗೆ ಸುತ್ತಿಕೊಳ್ಳದಿರಲಿ ಅಂತ ಅದರ ತುದಿಗೆ ದಾರದಲ್ಲಿ ಒಂದು ಸಣ್ಣ ಕಲ್ಲು ಕಟ್ಟಿ ಇಳಿಬಿಡುತ್ತೇವೆ. ಆ ಕಲ್ಲುಗಳನ್ನು ನೋಡಿ ನಿಮ್ಮ ಸಹಾಯಕ ಹುಡುಗಿ ‘ವಿಂಡ್ ಚೈಮಾ ಅಂಕಲ್?’ ಅಂತ ಕೇಳಿದಳು. ನಾನು ಹೌದೆಂದೆ. ಮಗು ಖುಷಿಯಾಗಿ ಫೋಟೋ ತೆಗೆದುಕೊಂಡಿತು.

ಇನ್ನು ಹುಲ್ಲು. ನೀವು ಎರಡು ಆಯ್ಕೆ ಕೊಟ್ಟಿದ್ದೀರಿ. ಒಂದು, 40 ಚದರ ಮೀಟರಿನಷ್ಟು ನಿಜವಾದ ಲಾನು. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಅಂದರೆ ದಿನಕ್ಕೆ 200 ಲೀಟರ್, ತಿಂಗಳಿಗೆ 6,000 ಲೀಟರ್. ನಮ್ಮ ಲೇಔಟಿನ ಭಾಷೆಯಲ್ಲಿ ಹೇಳುವುದಾದರೆ ತಿಂಗಳಿಗೆ ಒಂದು ಸಣ್ಣ ಟ್ಯಾಂಕರ್, ಯಾರೂ ತಿನ್ನದ ಹುಲ್ಲಿಗೆ. ಹಸುವನ್ನಾದರೂ ಜೊತೆಗೆ ಕೊಡುತ್ತೀರೋ ಅಂತ ನೋಡಿದೆ, ಪಟ್ಟಿಯಲ್ಲಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದು ನಿಮಗೂ ನೆನಪಿರಬಹುದು. ಎರಡನೆಯ ಆಯ್ಕೆ ಪ್ಲಾಸ್ಟಿಕ್ ಹುಲ್ಲು. ಅದಕ್ಕೆ ನೀರೇ ಬೇಡವಂತೆ. ನಿಜ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಅದರ ಮೇಲೆ ಕಾಲಿಡಬೇಕಾದರೆ ಮಾತ್ರ ಮೊದಲು ಪೈಪು ಹಿಡಿದು ತಣ್ಣಗೆ ಮಾಡಬೇಕು.

ನೀರಿನ ಮಾತನ್ನು ಇಷ್ಟು ಎಳೆಯುತ್ತಿರುವುದಕ್ಕೆ ಕಾರಣವಿದೆ. ನೀವು ಇನ್ನೊಂದು ಕಡೆಯಿಂದ ಬಂದವರು, ಈ ಊರಿನ ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಬೆಂಗಳೂರಿಗೆ ನಲ್ಲಿ ನೀರು ಕೊಡಲು ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಯೋಜನೆ ಮಾಡಿದರು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಹೆಸರು. ಕೆರೆಯ ನೀರು ಇಟ್ಟಿಗೆ ಕಾಲುವೆಯಲ್ಲಿ ತಾನಾಗಿ ಹರಿದು ಬರುತ್ತಿದ್ದದ್ದು ಸೋಲದೇವನಹಳ್ಳಿಗೆ. ಇಲ್ಲಿಂದ ಪಂಪುಗಳು ಅದನ್ನು ಮಲ್ಲೇಶ್ವರದ ಕಡೆಗೆ ಎತ್ತುತ್ತಿದ್ದವು. ಇಡೀ ಊರಿಗೇ ನೀರು ಕಳಿಸಿದ ಜಾಗ ಇದು. ಈಗ ನಮ್ಮ ಬೀದಿಯಲ್ಲಿ ಟ್ಯಾಂಕರಿನ ಹಾರನ್ ಕೇಳಿದರೆ ಸಂಪಿನ ಮುಚ್ಚಳ ತೆಗೆಯಲು ಓಡುತ್ತೇವೆ. ಅಂಥ ನೆಲದಲ್ಲಿ ನೀವು ಬುದ್ಧನ ತಲೆಯ ಹಿಂದಿನಿಂದ ಹಗಲಿರುಳು ನೀರು ಹರಿಸಲು ಹೊರಟಿದ್ದೀರಿ. ಮೋಟರು ಕೆಟ್ಟ ದಿನ ಅದು ನಿಂತ ನೀರು. ಡೆಂಗಿ ಸೊಳ್ಳೆಗೆ ತಿಳಿಯಾಗಿ ನಿಂತ ನೀರೇ ಬೇಕು. ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಘೋಷಿಸಿದ್ದೂ ಆಗಿದೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮದು 40-60ರ ಸೈಟು. ಲೆಕ್ಕ ಹಾಕಿದರೆ ನಮ್ಮ ಕಾಂಪೌಂಡಿನೊಳಗೇ ವರ್ಷಕ್ಕೆ 2 ಲಕ್ಷ ಲೀಟರಿಗೂ ಮೇಲೆ ಬೀಳುತ್ತದೆ, 12,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹದಿನೆಂಟು. ಇಷ್ಟು ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದರು. ನಿಮ್ಮ ನಕ್ಷೆಯಲ್ಲಿ ಡೆಕ್, ಟೈಲ್ಸ್, ಪ್ಲಾಸ್ಟಿಕ್ ಹುಲ್ಲು ಮತ್ತು ಅದರ ಕೆಳಗಿನ ಕಾಂಕ್ರೀಟು ಎಲ್ಲವನ್ನೂ ಕೂಡಿಸಿದರೆ ಮಣ್ಣಿಗೆ ಉಳಿಯುವುದು ಗೋಡೆಪಕ್ಕದ ಒಂದಡಿ ಅಗಲದ ಪಟ್ಟಿ. ಅಲ್ಲೂ ಬಿಳಿ ಉಂಡೆಕಲ್ಲು ಸುರಿದಿದ್ದೀರಿ. ಹದಿನೆಂಟು ಟ್ಯಾಂಕರನ್ನು ಚರಂಡಿಗೆ ದಾಟಿಸುವ ಇಷ್ಟು ಸುಂದರವಾದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಿಡಗಳ ಪಟ್ಟಿಗೆ ಬರೋಣ. ಫಾಕ್ಸ್‌ಟೇಲ್ ಪಾಮ್ ಆರು, ಗೋಲ್ಡನ್ ಸೈಪ್ರಸ್ ನಾಲ್ಕು, ಎಲ್ಲವೂ ಆಂಧ್ರದ ಕಡಿಯಂ ನರ್ಸರಿಗಳಿಂದ ಲಾರಿಯಲ್ಲಿ ಬರುತ್ತವೆ. ಹೊರಗಿನದೆಲ್ಲ ಕೆಟ್ಟದ್ದು ಅನ್ನುವವನಲ್ಲ ನಾನು. ನಮ್ಮ ಸೀಬೆ, ಪರಂಗಿ, ಮೆಣಸಿನಕಾಯಿ ಎಲ್ಲವೂ ಅಮೆರಿಕದ ಕಡೆಯಿಂದ ಬಂದವೇ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಸಾಹೇಬರು ಒಂದಲ್ಲ ಒಂದು ರಸ್ತೆಯಲ್ಲಿ ವರ್ಷವಿಡೀ ಹೂ ಇರುವಂತೆ ಮರ ನೆಡಿಸಿದರಲ್ಲ, ಅವರೂ ಹೊರಗಿನವರೇ. ಆದರೆ ಅವರು ಇಲ್ಲಿಯ ಮಣ್ಣು, ಮಳೆ, ಬಿಸಿಲು ನೋಡಿ ಆರಿಸಿದರು. ನೀವು ಕ್ಯಾಟಲಾಗ್ ನೋಡಿದಿರಿ. ಸೋಲದೇವನಹಳ್ಳಿಯಿಂದ ಇದೇ ರಸ್ತೆಯಲ್ಲಿ ಮುಂದೆ ಹೋದರೆ ಹೆಸರಘಟ್ಟದಲ್ಲಿ 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಟೊಮೇಟೊದಲ್ಲಿ ಅರ್ಕಾ ರಕ್ಷಕ್, ಸುಗಂಧರಾಜದಲ್ಲಿ ಅರ್ಕಾ ಪ್ರಜ್ವಲ್, ಎಲ್ಲ ಅಲ್ಲಿಯ ತಳಿಗಳೇ. ದೇಶದ ಮೂಲೆಮೂಲೆಯಿಂದ ರೈತರು ಅಲ್ಲಿಗೆ ಬರುತ್ತಾರೆ. ಅವರ ಗೇಟಿಗೆ ಇಷ್ಟು ಹತ್ತಿರವಿದ್ದೂ ಒಂದು ಬೆಂಡೆ ಗಿಡವನ್ನೂ ಪಟ್ಟಿಯಲ್ಲಿ ನುಸುಳಗೊಡದ ನಿಮ್ಮ ಎಚ್ಚರ ಸಾಮಾನ್ಯದ್ದಲ್ಲ.

ಹಾಗಂತ ಹಿತ್ತಲನ್ನು ಇದ್ದ ಹಾಗೇ ಬಿಡಿ ಅನ್ನುತ್ತಿಲ್ಲ. ಸೊಸೆ ಹೇಳುವುದರಲ್ಲಿ ನ್ಯಾಯವಿದೆ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅವಳಿಗೆ ಹೊರಗೆ ಕೂರಲು ಒಂದು ಜಾಗ ಬೇಕು. ಈಗ ಅಲ್ಲಿರುವುದು ಮುರಿದ ಕುರ್ಚಿ, ಹಳೇ ಸಿಂಟೆಕ್ಸ್ ಟ್ಯಾಂಕು, ಮನೆ ಕಟ್ಟಿದಾಗ ಉಳಿದ ಇಟ್ಟಿಗೆ. ಅವನ್ನು ಸಾಗಿಸಿ. ಸೀಬೆಮರದ ನೆರಳಿಗೆ ಒಂದು ಕಲ್ಲುಬೆಂಚು ಹಾಕಿಸಿ. ಓಡಾಡಲು ಕಲ್ಲು ಹಾಸುವುದಾದರೆ ನಡುವೆ ಮಣ್ಣಿನ ಸಂದು ಬಿಡಿ. ಚಪ್ಪರಕ್ಕೆ ಗಟ್ಟಿ ಗೂಟ, ಅದರ ಕೆಳಗೆ ಒಂದು ದೀಪ. ಮೊಮ್ಮಗಳಿಗೆ ಉಯ್ಯಾಲೆ ಬೇಕಂತೆ, ಹಗ್ಗದ್ದು ಸಾಕು. ಹಿಂದಿನ ತಗ್ಗಿನಲ್ಲಿ ಒಂದು ಇಂಗುಗುಂಡಿ.

ಇಷ್ಟಕ್ಕೆ ಹೊಸ ಕೊಟೇಶನ್ ಕಳಿಸಿ. ಜೂನ್ ಮಳೆಗೆ ಮೊದಲು ಕೆಲಸ ಮುಗಿಯಬೇಕು, ಮೊದಲು ಗುಂಡಿ, ಆಮೇಲೆ ಬೆಂಚು. ತಂತಿ ಮತ್ತು ನುಗ್ಗೆಮರದ ಬಗ್ಗೆ ಇನ್ನು ಮಾತುಕತೆ ಇಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಸೋಲದೇವನಹಳ್ಳಿಯ ಹಿತ್ತಲ ಯಜಮಾನ