ಮೂವತ್ತೊಂದನೆಯ ಮಗುವಿನ ಮಹಿಮೆ

ಸರ್ಕಾರಿ ಶಾಲೆಗಳಿಗೆ ದುಡ್ಡು ಸಾಲದು ಎಂದು ಗೊಣಗುವವರು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದ ಪಟ್ಟಿಯನ್ನು ಕಣ್ಣಾರೆ ಕಂಡವರಲ್ಲ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. ನೂರರವರೆಗೆ 25,000. ಇನ್ನೂರೈವತ್ತರವರೆಗೆ 50,000. ಸಾವಿರದವರೆಗೆ 75,000. ಅದನ್ನೂ ದಾಟಿದರೆ ಇಡಿಯಾಗಿ ಒಂದು ಲಕ್ಷ. ಸೀಮೆಸುಣ್ಣ, ಪಾಠೋಪಕರಣ, ಆಟದ ಸಾಮಾನು, ಕುಡಿಯುವ ನೀರು, ಇಂಟರ್‌ನೆಟ್, ಸೋರುವ ಸೂರು, ಮುರಿದ ಶೌಚಾಲಯದ ಬಾಗಿಲು ಎಲ್ಲವೂ ಇದರಲ್ಲೇ ಆಗಬೇಕು. ಹತ್ತು ಸಾವಿರದಲ್ಲಿ ಇಷ್ಟನ್ನೂ ಮಾಡಿ ಮುಗಿಸುವ ಹೆಡ್ಮೇಷ್ಟ್ರುಗಳನ್ನು ಹಳ್ಳಿಯಲ್ಲಿ ಕೂರಿಸಿಕೊಂಡು, ಹಣಕಾಸು ಇಲಾಖೆಯನ್ನು ಬೇರೆಯವರ ಕೈಗೆ ಕೊಟ್ಟಿದ್ದೇವೆ. ನಮ್ಮ ಔದಾರ್ಯ ದೊಡ್ಡದು.

ಪಟ್ಟಿಯ ನಿಜವಾದ ನಾಯಕ ಮೂವತ್ತೊಂದನೆಯ ಮಗು. ಮೊದಲ ಮೂವತ್ತು ಮಕ್ಕಳು ಒಟ್ಟು ಸೇರಿ ತಂದದ್ದು ಹತ್ತು ಸಾವಿರ. ತಲೆಗೆ 333 ರೂಪಾಯಿ ಚಿಲ್ಲರೆ. ಇವನೊಬ್ಬ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟನೋ, ಒಂದೇ ಏಟಿಗೆ ಹದಿನೈದು ಸಾವಿರ ಹೆಚ್ಚು. ಅವನಿಗೆ ಓದು ಬರುತ್ತದೆಯೇ, ಬೆಳಿಗ್ಗೆ ಏನಾದರೂ ತಿಂದು ಬಂದಿದ್ದಾನೆಯೇ ಎಂಬುದೆಲ್ಲ ಆಮೇಲಿನ ಮಾತು. ಶಾಲೆಗಳ ಅಂಕಿಅಂಶ ಕೂಡಿಸುವ ಯು-ಡೈಸ್ ಲೆಕ್ಕಕ್ಕೆ ಅವನು ಸೆಪ್ಟೆಂಬರ್ 30ರಂದು ಹಾಜರಿ ಪುಸ್ತಕದಲ್ಲಿದ್ದರೆ ಸಾಕು. ಯಾದಗಿರಿ, ರಾಯಚೂರಿನ ಕಡೆ ಗಂಟುಮೂಟೆ ಕಟ್ಟಿ ಗುಳೆ ಹೊರಟ ಮನೆಯ ಮುಂದೆ ನಡೆಯುವ ಮಾತುಕತೆಯನ್ನು ಊಹಿಸಿಕೊಳ್ಳಿ.

“ಯಣ್ಣಾ, ಸೆಪ್ಟೆಂಬರ್ ಮೂವತ್ತರ ತನಕ ಹುಡುಗನ್ನ ಕರಕೊಂಡು ಹೋಗಬ್ಯಾಡಪಾ.”

“ಆಮ್ಯಾಲಿಂದ ಸರ?”

“ಆಮ್ಯಾಲಿಂದ ನಿನ್ನ ಮರ್ಜಿ.”

ಶಿಕ್ಷಣದ ಹಕ್ಕನ್ನು ಇಷ್ಟು ಖಚಿತವಾದ ತಾರೀಖಿಗೆ ತಂದು ನಿಲ್ಲಿಸಿದ ಇನ್ನೊಂದು ವ್ಯವಸ್ಥೆ ಇದ್ದರೆ ತೋರಿಸಿ.

ಇನ್ನು ಪಟ್ಟಿಯ ಸಮಾನತೆಯನ್ನು ಹೊಗಳದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ತಾಯಿ ಕೂಲಿಗೆ ಹೋಗುತ್ತಾಳೋ, ಅಪ್ಪ ಊರಲ್ಲಿದ್ದಾನೋ, ಮನೆಯಲ್ಲಿ ಆಡುವುದು ಲಂಬಾಣಿಯೋ ತೆಲುಗೋ, ಅದು ಯಾವುದನ್ನೂ ಕೇಳುವುದಿಲ್ಲ. ತಲೆ ಎಣಿಸುತ್ತದೆ, ಸುಮ್ಮನಾಗುತ್ತದೆ. ಸಾವಿರ ಮಕ್ಕಳ ಶಾಲೆಗೆ ಹೋದರೆ ತಲೆಗೆ ಬೀಳುವುದು 75 ರೂಪಾಯಿ. ಕಷ್ಟವನ್ನು ಹೆಚ್ಚು ಜನ ಹಂಚಿಕೊಂಡರೆ ಭಾರ ಕಡಿಮೆಯಾಗುತ್ತದೆ ಎಂಬ ಹಿರಿಯರ ಮಾತನ್ನು ಸರ್ಕಾರವೇ ಲೆಕ್ಕ ಹಾಕಿ ತೋರಿಸಿದೆ.

ಪಾಪ, ಇಂಗ್ಲೆಂಡಿನವರಿಗೆ ಈ ಸರಳತೆ ಸಿದ್ಧಿಸಿಲ್ಲ. 2011ರಲ್ಲಿ ‘ಪ್ಯೂಪಿಲ್ ಪ್ರೀಮಿಯಂ’ ಎಂದು ಶುರುಮಾಡಿದರು. ಹಿಂದಿನ ಆರು ವರ್ಷಗಳಲ್ಲಿ ಒಮ್ಮೆಯಾದರೂ ಉಚಿತ ಊಟದ ಪಟ್ಟಿಯಲ್ಲಿದ್ದ ಮಕ್ಕಳನ್ನು ಹೆಕ್ಕಿ ತೆಗೆದು, ಪ್ರಾಥಮಿಕ ಶಾಲೆಯ ಅಂಥ ಪ್ರತಿ ಮಗುವಿನ ಲೆಕ್ಕದಲ್ಲಿ 2025-26ಕ್ಕೆ 1,515 ಪೌಂಡ್ ಕೊಡುತ್ತಾರೆ. ಅಷ್ಟಕ್ಕೂ ಬಿಡದೆ, ಆ ಹಣದಲ್ಲಿ ಏನು ಮಾಡಿದಿರಿ, ಮಕ್ಕಳಿಗೆ ಏನು ಒಳ್ಳೆಯದಾಯಿತು ಎಂದು ಶಾಲೆ ಪ್ರತಿವರ್ಷ ಡಿಸೆಂಬರ್ 31ರೊಳಗೆ ಬರೆದು ಪ್ರಕಟಿಸಬೇಕು. ದುಡ್ಡು ಕೊಟ್ಟ ಮೇಲೂ ಮಕ್ಕಳ ವಿಚಾರ ಎತ್ತುವುದು ಸಂಸ್ಕಾರವಂತರ ಲಕ್ಷಣವಲ್ಲ.

ನಮ್ಮಲ್ಲಿ ನಡೆಯುವುದೆಲ್ಲ ನಂಬಿಕೆಯ ಮೇಲೆ. ಬಿಸಿಯೂಟದ ಮೊಟ್ಟೆಯನ್ನೇ ನೋಡಿ. ಒಂದಕ್ಕೆ ಆರು ರೂಪಾಯಿ ಎಂದು ಗೊತ್ತುಮಾಡಿದರು. ಕೊಳ್ಳುವುದು, ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಪೇಟೆಯಲ್ಲಿ ಮೊಟ್ಟೆಯೊಂದೇ ಆರು ದಾಟಿದಾಗ ಮಿಕ್ಕದ್ದು ಮೇಷ್ಟ್ರ ಜೇಬಿನಿಂದ ಬಂತು. ಬೇರೆ ದೇಶಗಳಲ್ಲಿ ಸರ್ಕಾರ ಶಾಲೆಗೆ ಅನುದಾನ ಕೊಡುತ್ತದೆ. ನಮ್ಮ ಮೇಷ್ಟ್ರು ಸರ್ಕಾರಕ್ಕೇ ಅನುದಾನ ಕೊಡುತ್ತಾರೆ, ಅದೂ ಯಾವ ಪ್ರಮಾಣಪತ್ರವನ್ನೂ ಕೇಳದೆ.

ಸ್ವಚ್ಛತೆಗೂ ಕೊರತೆಯಿಲ್ಲ. ಅನುದಾನದಲ್ಲಿ ಕನಿಷ್ಠ ಶೇ. 10 ಅದಕ್ಕೇ ಮೀಸಲು. ಸಣ್ಣ ಶಾಲೆಗೆ ವರ್ಷಕ್ಕೆ ಒಂದು ಸಾವಿರ. ಆರ್‌ಟಿಇ ಕಾಯ್ದೆ ಹೇಳುವ ಕನಿಷ್ಠ 200 ದಿನಗಳಿಗೆ ಹಂಚಿದರೆ ದಿನಕ್ಕೆ ಐದು ರೂಪಾಯಿ. ಫಿನಾಯಿಲ್ ಬಾಟಲಿಯನ್ನು ತೆರೆದು ಮೂಸಿ ಮತ್ತೆ ಮುಚ್ಚಿಡಲು ಇದು ಧಾರಾಳವಾಯಿತು.

ಇವೆಲ್ಲಕ್ಕೂ ಕಳಶವಿಟ್ಟಂತೆ ಬರುವುದು ಮಾರ್ಚ್. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ; ದುಡ್ಡಿನ ಕಂತು ತನ್ನ ಗತ್ತಿಗೆ ತಕ್ಕಂತೆ ತಡವಾಗಿ ಬಂದರೂ 31ರೊಳಗೆ ಖರ್ಚಾಗಿರಲೇಬೇಕು. ಆಗ ನೋಡಬೇಕು ಶಾಲೆಯ ಲವಲವಿಕೆ! ಗೋಡೆಗೆ ಬಣ್ಣ ಬೀಳುತ್ತದೆ, ಬಕೆಟ್ಟು ಬರುತ್ತದೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಸಹಿ ಬೀಳುತ್ತದೆ, ಹೊಸ ಬೀರುವಿನ ಪಕ್ಕ ಹೆಡ್ಮೇಷ್ಟ್ರು ನಿಂತ ಜಿಪಿಎಸ್ ಫೋಟೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಬಣ್ಣಕ್ಕೆ ಬಿಲ್ಲುಂಟು, ಬೀರುವಿಗೆ ಬಿಲ್ಲುಂಟು. ಹಿಂದೆ ಬಿದ್ದ ಹುಡುಗಿಯ ಪಕ್ಕದಲ್ಲಿ ದಿನಾ ಅರ್ಧ ಗಂಟೆ ಕೂತು ಒತ್ತಕ್ಷರ ಓದಿಸಿದರೆ, ಅದಕ್ಕೆ ಜಿಎಸ್‌ಟಿ ಬಿಲ್ ಕೊಡುವ ಅಂಗಡಿ ತಾಲ್ಲೂಕಿನಲ್ಲಿಲ್ಲ. ಬಿಲ್ಲಿಲ್ಲದ ಕೆಲಸಕ್ಕೆ ಕೈಹಾಕಿ ಸರ್ಕಾರದ ಮರ್ಯಾದೆ ಕಳೆಯುವಷ್ಟು ಅವಿವೇಕಿಗಳಲ್ಲ ನಮ್ಮ ಮೇಷ್ಟ್ರು.

ಆದ್ದರಿಂದಲೇ ಬಿಇಒ ಕಚೇರಿಗೆ ಹೋಗುವ ಹಣ ಬಳಕೆ ಪ್ರಮಾಣಪತ್ರ ಅಷ್ಟು ಚೊಕ್ಕಟವಾಗಿರುತ್ತದೆ: ಬಂದದ್ದು ಇಷ್ಟು, ಖರ್ಚಾದದ್ದು ಇಷ್ಟು, ಉಳಿದದ್ದು ಸೊನ್ನೆ. ಐದನೇ ತರಗತಿಯ ಹುಡುಗಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು ಬರೆಯಲು ಅದರಲ್ಲಿ ಕಾಲಂ ಇಲ್ಲ. ಕಾಲಂ ಇಲ್ಲದ ಮೇಲೆ ಅಂಥದೊಂದು ಕೊರತೆ ಈ ನಾಡಿನಲ್ಲಿ ಇರುವುದಾದರೂ ಹೇಗೆ ಸಾಧ್ಯ?