ಯಗಚೀತೀರ ಪಾದಪಥ ಮೀಮಾಂಸೆ

ಶಿವಮೊಗ್ಗದ ತುಂಗೆಯ ದಡಕ್ಕೆ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ನಡೆಯುವ, ಸೈಕಲ್ ತುಳಿಯುವ ದಾರಿ ಬಂದ ಮೇಲೆ, ಬೇಲೂರಿನ ಯಗಚಿ ಏನು ಪಾಪ ಮಾಡಿದ್ದಾಳೆ ಎಂಬ ಪ್ರಶ್ನೆ ಏಳುವುದು ಸಹಜ. ಪೂರ್ವಾಚಾರ್ಯರು ಈ ಗಹನ ವಿಷಯವನ್ನು ಮುಟ್ಟದೆ ಬಿಟ್ಟಿರುವುದರಿಂದ ನಾವೇ ಕೈಹಾಕಬೇಕಾಯಿತು.

ಹೊಯ್ಸಳರಿಗೆ ವಾಕಿಂಗ್ ಗೊತ್ತಿರಲಿಲ್ಲ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯನ್ನು, ಅದು ತಿರುಗಿದಲ್ಲೆಲ್ಲ ತಾನೂ ತಿರುಗುತ್ತ ಸುತ್ತುವರಿದ ಜಗತಿಯ ಕಟ್ಟೆ ವಾಕಿಂಗ್ ಟ್ರ್ಯಾಕ್ ಅಲ್ಲದೆ ಮತ್ತೇನು? ಹಳೇಬೀಡಿನ ಹೊಯ್ಸಳೇಶ್ವರನ ಅಡಿಪಟ್ಟಿಕೆಯಲ್ಲಿ ಆನೆಗಳು ಇಂದಿಗೂ ಸಾಲು ತಪ್ಪದೆ ನಡೆಯುತ್ತಿವೆ. ಒಂದಾದರೂ ದಾರಿಗಡ್ಡ ನಿಂತು ಫೋನಿನಲ್ಲಿ ಮಾತಾಡಿದ್ದಿಲ್ಲ. (ಸೆಲ್ಫಿಯ ಮಾತು ಬೇರೆ. ಕನ್ನಡಿ ಹಿಡಿದ ದರ್ಪಣಸುಂದರಿಯನ್ನು ನೋಡಿದವರಿಗೆ ಆ ಚಾಳಿಯ ಮೂಲಸ್ಥಾನ ಬೇಲೂರೇ ಎಂಬುದರಲ್ಲಿ ಸಂಶಯ ಉಳಿಯದು.)

ಸೈಕಲ್ಲಿಗೆ ಶಿಲ್ಪದ ಆಧಾರ ಸಿಕ್ಕಿಲ್ಲ. ಕುದುರೆ ಇದೆ, ರಥ ಇದೆ, ಮಕರವಿದೆ. ಆದರೂ ನಿರಾಶರಾಗಬೇಕಿಲ್ಲ, ಇನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ಯಾರಾದರೊಬ್ಬ ಗೈಡ್ ಅದನ್ನೂ ತೋರಿಸಿಯಾನು.

ಇನ್ನು ದ್ರವ್ಯವಿಚಾರ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ಎದ್ದಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ನಮ್ಮ ಕಾಲದ ಇಂಟರ್‌ಲಾಕ್ ಟೈಲ್ಸ್ ಉದ್ಘಾಟನೆಯ ದಿನ ಗಟ್ಟಿಯಾಗಿದ್ದು ಬಿಲ್ ಪಾಸಾದಂತೆ ಅಲುಗಾಡುತ್ತದೆ. ಮೊದಲ ಮಳೆಗೆ ಒಂದರ ಮೇಲೆ ಕಾಲಿಟ್ಟರೆ ಪಕ್ಕದ್ದರ ಸಂದಿಯಿಂದ ಕೆಸರು ಚಿಮ್ಮಿ ಪಂಚೆಗೆ ಬಡಿಯುತ್ತದೆ. ಇದನ್ನು ಭೂವಿಜ್ಞಾನಿಗಳು ಗಮನಿಸಬೇಕು.

ಇದೇ ಹಾಸನ ಜಿಲ್ಲೆಯ ಅರಸೀಕೆರೆಯವರ ಗೋಳು ಬೇರೆ: ಅವರೂರಲ್ಲಿ ಕೆರೆಯುಂಟು, ಹೊಳೆಯಿಲ್ಲ. ಆದರೆ ಹುಬ್ಬಳ್ಳಿಗೂ ಹಾಸನಕ್ಕೂ ರೈಲು ಕವಲೊಡೆಯುವ ಜಂಕ್ಷನ್ ಇರುವುದರಿಂದ ನೆರಳು, ದೀಪ, ಕಾಫಿ ಸಮೇತ ಉದ್ದನೆಯ ಪಾದಪಥ ಆಗಲೇ ಅವರಿಗೆ ದಕ್ಕಿದೆ. ಪ್ಲಾಟ್‌ಫಾರಂ ಟಿಕೆಟ್ಟಿನ ಚರ್ಚೆ ಇಲ್ಲಿ ಅಪ್ರಸ್ತುತ.

ಎಲ್ಲಕ್ಕಿಂತ ಜಟಿಲ ಪ್ರಶ್ನೆ ಬೈಕಿನದು. ದಾರಿ ನುಣುಪಾದ ಮರುದಿನವೇ ಅಲ್ಲಿ ಬೈಕ್ ಓಡುತ್ತದೆ, ಆಮೇಲೆ ಪಾನಿಪುರಿ ಗಾಡಿ, ಅದರ ಹಿಂದೆ ಕಾರು. ಸಿದ್ಧಾಂತ ಹೀಗೆ: ಜಗತಿಯಂತೆ ಪಥವೂ ಎತ್ತರದಲ್ಲಿರಲಿ, ಹತ್ತಲು ಮೆಟ್ಟಿಲಿರಲಿ. ಹೆಗಲ ಮೇಲೆ ಹೊತ್ತು ಹತ್ತಿಸಬಲ್ಲ ವಾಹನಕ್ಕೆ ಮಾತ್ರ ಪ್ರವೇಶ. ಸೈಕಲ್ ತೇರ್ಗಡೆ, ಬುಲೆಟ್ ನಪಾಸು. ಮೊಣಕಾಲು ನೋವಿನವರಿಗೆ ಪಕ್ಕದಲ್ಲೊಂದು ಇಳಿಜಾರು, ಅದರ ಬಾಯಿಗೆ ಒಂದು ಗಾಲಿಕುರ್ಚಿ ಮಾತ್ರ ನುಗ್ಗುವಷ್ಟು ಅಂತರದಲ್ಲಿ ಕಲ್ಲುಕಂಬ.

ಹೊಯ್ಸಳ ಶಿಲ್ಪಿಗಳಾದ ದಾಸೋಜ, ಚಾವಣರು ಬೇಲೂರಿನಲ್ಲಿ ತಮ್ಮ ಹೆಸರು ಕೆತ್ತಿದ್ದು ವಿಗ್ರಹ ಮುಗಿದ ಮೇಲೆ, ಅದರ ಬುಡದಲ್ಲಿ. ನಾವು ಹೆಸರಿನ ಫಲಕವನ್ನು ಮೊದಲು ನೆಟ್ಟು, ಕೆಲಸವನ್ನು ಆಮೇಲೆ ಹುಡುಕುತ್ತೇವೆ. ಆದ್ದರಿಂದ ಮುಂದೆ ಈ ಪಥ ಕಟ್ಟಿಸುವವರಲ್ಲಿ ಒಂದೇ ವಿನಂತಿ: ಫಲಕವನ್ನು ಎರಡು ಮಳೆಗಾಲ ಕಳೆದ ಮೇಲೆ ಹಾಕಿಸಿ, ಅದರಲ್ಲಿ ಮೇಸ್ತ್ರಿಯ ಹೆಸರು ಎಲ್ಲರಿಗಿಂತ ಮೊದಲು ಬರಲಿ.