ಆಫೀಸಿಗೆ ಮುಂಚೆ ಕುದುರೆ

ಕುದುರೆ ಅಂದರೆ ನಮ್ಮ ಮಂದಿಗೆ ಮೂರೇ ಗೊತ್ತು. ಒಂದು ರೇಸಿನದು, ಒಂದು ಮೈಸೂರು ದಸರೆಯದು, ಇನ್ನೊಂದು ಬ್ಯಾಂಡಿನ ಗದ್ದಲಕ್ಕೆ ಕಿವಿ ಹಿಂದಕ್ಕೆ ಮಾಡಿಕೊಂಡು ಪುಣೆಯ ಮದುಮಗನನ್ನು ಹೊರುವ ಬಡಪಾಯಿ. ನಾಲ್ಕನೆಯದೂ ಒಂದಿದೆ ಎಂದು ತಿಳಿದದ್ದು ಪಕ್ಕದ ಮನೆ ಹುಡುಗಿಯಿಂದ. ಪುಣೆಯ ಕಾತ್ರಜದಲ್ಲಿ ನಮಗೂ ಅವರಿಗೂ ನಡುವೆ ಇರುವುದು ಸೊಂಟದೆತ್ತರದ ಗೋಡೆ. ಅವರು ಗದಗಿನವರು, ನಾವು ಧಾರವಾಡದವರು. ಮಾತಿಗೆ ಬರ ಬರುವುದಾದರೂ ಎಲ್ಲಿಂದ?

ಹುಡುಗಿಗೆ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ನಸುಕಿನಲ್ಲೇ ಉದ್ದ ಬೂಟು ಹಾಕಿಕೊಂಡು ಸ್ಕೂಟರ್ ಹತ್ತುತ್ತಾಳೆ.

“ಏನವ್ವಾ, ರೇಸ್ ಓಡಸ್ತೀಯೇನ?”

“ಇಲ್ರೀ ಕಾಕೂ. ಓಡಸೂದೇನು, ಕುದುರಿ ತಾನ ಓಡತದ. ನಾ ಅದಕ್ಕ ನಡಿಯೂದು ಕಲಸ್ತೀನಿ.”

ಈ ನಡೆಸುವ ಆಟಕ್ಕೆ ಡ್ರೆಸ್ಸಾಜ್ ಎನ್ನುತ್ತಾರೆ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ. ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳು, ಅವೂ ವರ್ಣಮಾಲೆಯ ಕ್ರಮ ಬಿಟ್ಟು ನಿಂತಿರುತ್ತವೆ. ಇಂಥ ಅಕ್ಷರದ ಹತ್ತಿರ ನಡಿಗೆ ಬಿಟ್ಟು ಟ್ರಾಟ್ ಎಂಬ ಕುಲುಕು ಓಟ ಹಿಡಿಯಬೇಕು, ಇಂಥಲ್ಲಿ 20 ಮೀಟರಿನ ವೃತ್ತ ಸುತ್ತಬೇಕು, ಇಂಥಲ್ಲಿ ನಾಲ್ಕೂ ಕಾಲು ಚೌಕವಾಗಿ ಊರಿ ನಿಲ್ಲಬೇಕು. ಒಂದೊಂದು ನಡೆಗೂ ಹತ್ತಕ್ಕೆ ಇಷ್ಟು ಎಂದು ಅಂಕ, ಕೊನೆಗೆ ಶೇಕಡಾ ಲೆಕ್ಕ. ಜಡ್ಜ್ ಬರೆದ ಟೀಕೆಯ ಹಾಳೆಯೂ ಕೈಗೆ ಬರುತ್ತದೆ. “ಆಫೀಸಿನ ಅಪ್ರೈಸಲ್‌ಗಿಂತ ಇದ ಚಲೋ ಕಾಕೂ, ಎಲ್ಲಿ ತಪ್ಪಿದ್ವಿ ಅಂತ ಬರದ ಕೊಡ್ತಾರ” ಎಂದು ಹುಡುಗಿಯ ಸಮಾಧಾನ.

ಅವಳು ಹತ್ತುವ ಕುದುರೆ ಸ್ವಂತದ್ದಲ್ಲ, ರೈಡಿಂಗ್ ಶಾಲೆಯದು. ತಿಂಗಳ ಬಾಡಿಗೆ ಕಟ್ಟುತ್ತಾಳೆ. ನಮ್ಮ ದೇಶದ ಸವಾರಿ ಶಾಲೆಗಳ ಎಷ್ಟೋ ಕುದುರೆಗಳಂತೆ ಅದೂ ರೇಸಿನಿಂದ ನಿವೃತ್ತಿಯಾಗಿ ಬಂದದ್ದು. ಅಲ್ಲಿ ಕಲಿತದ್ದು ಒಂದೇ: ಲಗಾಮು ಬಿಗಿಯಾದರೆ ಅದರ ಮೇಲೆ ಭಾರ ಹಾಕಿ ಮುನ್ನುಗ್ಗು. ಇಲ್ಲಿ ಅದನ್ನೆಲ್ಲ ಮರೆಸಬೇಕು. ಕುದುರೆಯ ಮೈಭಾರ ಹುಟ್ಟಿನಿಂದಲೇ ಮುಂಗಾಲಿನ ಮೇಲೆ ಹೆಚ್ಚು. ಅದನ್ನು ಸ್ವಲ್ಪಸ್ವಲ್ಪವಾಗಿ ಹಿಂಗಾಲಿಗೆ ಸರಿಸುವುದೇ ಇಡೀ ವಿದ್ಯೆ. ನಮಗೆ ಬಲಗೈ ಎಡಗೈ ಇದ್ದಂತೆ ಅದಕ್ಕೂ ಒಂದು ಮಗ್ಗುಲು ಸಲೀಸು, ಇನ್ನೊಂದು ಬಿಗಿ. ಎರಡನ್ನೂ ಸಮ ಮಾಡುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಅಂತರರಾಷ್ಟ್ರೀಯ ನಿಯಮದಲ್ಲಿ ಎಂಟು ವರ್ಷ ತುಂಬದ ಕುದುರೆಗೆ ಗ್ರ್ಯಾಂಡ್ ಪ್ರಿ ಎಂಬ ಎಲ್ಲಕ್ಕಿಂತ ಮೇಲಿನ ಮಟ್ಟಕ್ಕೆ ಪ್ರವೇಶವೇ ಇಲ್ಲ.

“ಇಷ್ಟಕ್ಕೆಲ್ಲಾ ಟೈಮ್ ಎಲ್ಲಿಂದ ತರತೀ?” ಎಂದೆ. ಅವಳು ನಕ್ಕಳು. ಕುದುರೆಯನ್ನು ಒಂದು ಹೊತ್ತಿಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ದುಡಿಸುವುದು ಸಲ್ಲದಂತೆ. ಬೇಸತ್ತರೆ ಕಲಿತದ್ದನ್ನೂ ಬಿಡುತ್ತದೆ. ಮೈ ಉಜ್ಜಿ, ಗೊರಸು ಕೆರೆದು, ಜೀನು ಬಿಗಿಯುವುದನ್ನೆಲ್ಲ ಸೇರಿಸಿದರೂ ಬೆಳಗಿನ ಹೊತ್ತಿನಲ್ಲಿ ಮುಗಿಯುತ್ತದೆ. ದಿನ ನುಂಗುವುದು ಕುದುರೆಯಲ್ಲ, ಆಫೀಸಿನ ದಾರಿಯ ಕಾತ್ರಜ ಚೌಕ. ಅದನ್ನು ದಾಟಿದರೆ ನವಲೆ ಬ್ರಿಜ್, ಮುಂದೆ ಚಾಂದಣಿ ಚೌಕ. ಹುಬ್ಬಳ್ಳಿಯಿಂದ ರಾತ್ರಿಯಿಡೀ ಓಡಿ ಬಂದ ನಮ್ಮ ಬಸ್ಸುಗಳೇ ಈ ಬೈಪಾಸಿನಲ್ಲಿ ಉಸಿರು ಬಿಡುತ್ತ ನಿಂತಿರುತ್ತವೆ.

ನೌಕರಿ ಮಾಡುವವರು ಹೀಗೆ ಕದ್ದುಮುಚ್ಚಿ ಸವಾರಿ ಮಾಡುವುದು ಹೊಸ ಕಾಲದ ಪಾಡು. ಹಿಂದೆ ಸವಾರಿಯೇ ನೌಕರಿಯ ಭಾಗ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಕುದುರೆಯಾಟವನ್ನು ವಾಜಿವಾಹ್ಯಾಲಿ ಎಂಬ ಹೆಸರಿನಲ್ಲಿ ರಾಜವಿನೋದಗಳ ಸಾಲಿಗೇ ಸೇರಿಸಿದ. ಅವನಿಗೆ ರಜೆ ಚೀಟಿ ಬರೆಯುವ ಕಷ್ಟವಿರಲಿಲ್ಲ. ಯುರೋಪಿನಲ್ಲಿ ಡ್ರೆಸ್ಸಾಜ್ ಸೈನ್ಯಾಧಿಕಾರಿಗಳ ಸೊತ್ತಾಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತು. ಆ ತಂಡದ ಗೆನಾಲ್ ಪರ್ಸನ್ ನಿಜದಲ್ಲಿ ಸಾರ್ಜೆಂಟ್. ಆಟಕ್ಕೆಂದೇ ಅವನನ್ನು ಅಧಿಕಾರಿ ಮಾಡಿ, ಆಟ ಮುಗಿದದ್ದೇ ಮತ್ತೆ ಕೆಳಕ್ಕಿಳಿಸಿದ್ದರು. ಗುಟ್ಟು ಬಯಲಾಗಿ ಮರುವರ್ಷ ಚಿನ್ನ ಹೋಯಿತು. ಕುದುರೆ ಚೆನ್ನಾಗಿಯೇ ನಡೆದಿತ್ತು, ಸವಾರನ ಹುದ್ದೆ ಸಾಲದಾಯಿತು! 1952ರ ಹೆಲ್ಸಿಂಕಿಗೆ ನಿಯಮ ಸಡಿಲವಾಯಿತು. ಅದೇ ಪರ್ಸನ್ ತಂಡದೊಂದಿಗೆ ಮತ್ತೆ ಚಿನ್ನ ಗೆದ್ದ. ಹೆಂಗಸರಿಗೂ ಬಾಗಿಲು ತೆರೆದದ್ದು ಆಗಲೇ. ಪೋಲಿಯೊದಿಂದ ಮೊಣಕಾಲ ಕೆಳಗೆ ಬಲವಿಲ್ಲದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಕುದುರೆ ಹತ್ತಲು ಇನ್ನೊಬ್ಬರ ಆಸರೆ ಬೇಕಿದ್ದರೂ ಗಂಡಸರ ಜೊತೆಯೇ ಸ್ಪರ್ಧಿಸಿ ಬೆಳ್ಳಿ ತಂದಳು.

ಹುಡುಗಿಗೆ ಮಾತ್ರ ದೇವರೆಂದರೆ ಜಪಾನಿನ ಹಿರೋಶಿ ಹೊಕೆತ್ಸು. 1964ರ ಟೋಕಿಯೊದಲ್ಲಿ ಕುದುರೆ ಹಾರಿಸಿದ ಮನುಷ್ಯ, ಆಮೇಲೆ ಕಂಪನಿ ಸೇರಿದ. ಬೆಳಗ್ಗೆ ಕುದುರೆ, ಆಮೇಲೆ ಆಫೀಸು. ನಿವೃತ್ತನಾಗಿ ಜರ್ಮನಿಗೆ ಹೋಗಿ ಅಭ್ಯಾಸ ಮಾಡಿ 2008ರಲ್ಲಿ ಡ್ರೆಸ್ಸಾಜ್ ಸವಾರನಾಗಿ ಒಲಿಂಪಿಕ್ಸ್‌ಗೆ ಮರಳಿದ. 2012ರ ಲಂಡನ್ನಿನಲ್ಲಿ ಅವನಿಗೆ 71 ವರ್ಷ. “ನನಗಿನ್ನೂ ಭಾಳ ಟೈಮ್ ಅದ ಕಾಕೂ” ಎಂದು ಇವಳು ಹೇಳುವಾಗ ಅವಳಮ್ಮ ಗೋಡೆಯಾಚೆ ಹಣೆ ಚಚ್ಚಿಕೊಳ್ಳುತ್ತಾರೆ, ಮದುವೆಯ ಮಾತು ನಡೆದಿದೆಯಲ್ಲ.

ನಮ್ಮವರೂ ಕಡಿಮೆಯಿಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್‌ಗೆ ಎರಡು ಬೆಳ್ಳಿ ತಂದರು. ಆ ಸ್ಪರ್ಧೆಯ ಮೊದಲ ಸುತ್ತು ಡ್ರೆಸ್ಸಾಜೇ. 2023ರಲ್ಲಿ ಹಾಂಗ್‌ಝೌನ ಏಷ್ಯನ್ ಗೇಮ್ಸ್‌ನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್ವಾಲಾ ತಂಡ ಡ್ರೆಸ್ಸಾಜ್‌ನಲ್ಲೇ ಚಿನ್ನ ಗೆದ್ದಿತು. ಅಶ್ವಕ್ರೀಡೆಯಲ್ಲಿ ನಮಗೆ 41 ವರ್ಷಗಳ ಮೇಲೆ ಬಂದ ಚಿನ್ನ ಅದು. ಅವರೆಲ್ಲ ಮನೆಮಠ ಬಿಟ್ಟು ಯುರೋಪಿನಲ್ಲಿದ್ದು ಕಲಿತವರು, ಕುದುರೆಯೇ ಅವರ ದಿನದ ದುಡಿಮೆ. ಪಕ್ಕದ ಮನೆಯವಳಿಗೆ ಆ ಯೋಗವಿಲ್ಲ. ಅವಳು ಹೋಗುವುದು ಊರಮಟ್ಟದ ಸ್ಪರ್ಧೆಗೆ. ಶೇಕಡಾ 60 ದಾಟಿದರೆ ಆ ದಿನ ನಮಗೂ ಪೇಢೆ.

“ಅದರಿಂದ ಏನ್ ಬರತದ?” ಎಂದು ಓಣಿಯವರು ಕೇಳುತ್ತಾರೆ. ಏನೂ ಬರುವುದಿಲ್ಲ, ಪಗಾರ ಹೋಗುತ್ತದೆ ಅಷ್ಟೆ. ಆದರೆ ಬಾಯಿಲ್ಲದ ಪ್ರಾಣಿಗೆ ಬೈಯದೆ, ಅವಸರ ಮಾಡದೆ ಕೆಲಸ ಕಲಿಸಿದವಳು ನಾಳೆ ಟೀಮ್ ಲೀಡ್ ಆದರೆ ಕೈಕೆಳಗಿನವರ ಪುಣ್ಯ. ಆದ್ದರಿಂದ ಇದನ್ನು ಓದುವ ಮ್ಯಾನೇಜರ್ ಸಾಹೇಬರಲ್ಲಿ ಒಂದು ವಿನಂತಿ: ಸ್ಪರ್ಧೆಯ ಹಿಂದಿನ ಶುಕ್ರವಾರ ಇಂಥವರು ರಜೆ ಕೇಳಿದರೆ ಕೊಟ್ಟುಬಿಡಿ. ಕುದುರೆಗೆ ಕಾಲು ನೋವೆಂದರೆ ರಜೆಯಿಲ್ಲ, ಅಜ್ಜಿಗೆ ಕಾಲು ನೋವೆಂದರೆ ಇದೆ ಎಂಬ ನಿಯಮದಿಂದ ಗದಗಿನ ಅಜ್ಜಿಯೊಬ್ಬರು ಸುಮ್ಮನೆ ಹಾಸಿಗೆ ಹಿಡಿಯಬೇಕಾಗಿದೆ.